ಎರಡು ಬೆರಳು ಹೆಚ್ಚು

ನಮ್ಮ ಅಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ‘ನಾಳೆ ಮಾಸ್ತರು’. ಬಟ್ಟೆ ಯಾವಾಗ ಸಿಗುತ್ತದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟು ಸಂಪಾದಿಸಿದ ಬಿರುದು ಅದು. ಅವನ ಟೈಲರ್ ಅಂಗಡಿಗೆ ಅಂಟಿಕೊಂಡೇ ನನ್ನದು ದಾರ, ಗುಂಡಿ, ಜಿಪ್ಪು ಮಾರುವ ಅಂಗಡಿ. ನಡುವೆ ಇರುವುದು ಒಂದು ಹಲಗೆ ಅಷ್ಟೆ. ಅಲ್ಲಿ ಅವನು ಸುಳ್ಳು ಹೇಳಿದರೆ ಇಲ್ಲಿ ನನಗೆ ಕೇಳಿಸುತ್ತದೆ. ಕೇಳಿಸಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ.

ಆದರೆ ಕತ್ತರಿ ಹಿಡಿದರೆ ಅವನು ಬೇರೆಯೇ ಮನುಷ್ಯ. ಅಳತೆ ಎಷ್ಟೇ ಇರಲಿ, ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡದೆ ಅವನು ಯಾವುದನ್ನೂ ಕತ್ತರಿಸಿದವನಲ್ಲ. “ಒಗೆದ್ರೆ ಬಟ್ಟೆ ಕುಗ್ಗುತ್ತೆ, ತಿಂದ್ರೆ ಮನುಷ್ಯ ಹಿಗ್ತಾನೆ. ಒಳಗೆ ಎರಡು ಬೆರಳಿದ್ರೆ ಬಿಚ್ಚಿ ಹೊಲೀಬಹುದು. ಇಲ್ದಿದ್ರೆ ಏನ್ ಮಾಡ್ತೀಯಾ, ಚರ್ಮ ಎಳೀತೀಯಾ?” ಎನ್ನುತ್ತಿದ್ದ. ಅತ್ತಿಗೆ ಮದುವೆಗೆ ಮುಂಚೆ ಇವನ ಅಂಗಡಿಗೆ ಗಿರಾಕಿಯಾಗಿ ಬಂದವರು. ಹೊಲಿದ ಮೊದಲ ಕುಪ್ಪಸವನ್ನು ತಿರುವಿ ನೋಡಿ, “ಇದರೊಳಗೆ ಇನ್ನೊಬ್ಬಳನ್ನ ಕೂಡಿಸೋ ಯೋಚನೆ ಇದೆಯಾ?” ಎಂದು ಕೇಳಿದ್ದರಂತೆ. ಅವತ್ತೇ ಅಣ್ಣ ಬಿದ್ದು ಹೋದ. ಮದುವೆಯಾದ ಮೇಲೆ ಅಂಗಡಿಯ ಹಿಂದಿನ ಸ್ಟೂಲಿನ ಮೇಲೆ ಕೂತು ಕಾಜಾ, ಹೆಮ್ಮಿಂಗು ಎಲ್ಲ ಅವರದೇ ಕೆಲಸ. ಅವರು ಮಾತಾಡುವುದು ಕಮ್ಮಿ, ಆಡಿದ್ದು ಮಾತ್ರ ಅಳತೆಗೆ ಸರಿಯಾಗಿರುತ್ತಿತ್ತು.

ಅಣ್ಣನದು ಹಾಗಲ್ಲ. ಬಟ್ಟೆಗೆ ಬಿಡುವ ಎರಡು ಬೆರಳನ್ನು ಅವನು ಮಾತಿಗೂ ಬಿಡುತ್ತಿದ್ದ. ಮನೆಗೆ ನಾಲ್ಕು ಜನ ಬರುವುದಿದ್ದರೆ ಆರು ಜನ ಅನ್ನುವುದು. ಬೆಳಗ್ಗೆ ಬಂದ ಜ್ವರಕ್ಕೆ ಡಾಕ್ಟರ ಮುಂದೆ ಮೂರು ದಿನದ ವಯಸ್ಸು ಕೊಡುವುದು. “ಕಮ್ಮಿ ಹೇಳಿದ್ರೆ ಯಾರೂ ತಿರುಗಿ ನೋಡಲ್ಲ ಕಣೇ” ಅಂತ ನನಗೇ ಬುದ್ಧಿ ಹೇಳುತ್ತಿದ್ದ.

ಒಂದು ದಿನ ಸ್ನಾನ ಮಾಡುವಾಗ ಅತ್ತಿಗೆಯ ಕೈಗೆ ಎದೆಯಲ್ಲಿ ಗಂಟು ಸಿಕ್ಕಿತು. ಅವರು ಮುಚ್ಚಿಡಲಿಲ್ಲ, ಒದ್ದೆ ತಲೆಯಲ್ಲೇ ಬಂದು ಹೇಳಿದರು. ಅದೇ ವಾರ ಮೂವರೂ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ತಲೆ ಎತ್ತದೆ ಬರೆದುಕೊಳ್ಳುತ್ತ, “ಎಷ್ಟು ದಿನದಿಂದ ಇದೆ?” ಎಂದು ಕೇಳಿದರು. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮುಂದೆ ಬಿದ್ದು, “ಎರಡು ವರ್ಷ ಆಗಿರ್ಬಹುದು ಡಾಕ್ಟ್ರೇ” ಅಂದುಬಿಟ್ಟ. ಅತ್ತಿಗೆ ತಿರುಗಿ ಅವನ ಮುಖ ನೋಡಿದರು. ಅವನು ಕಣ್ಣು ಮಿಟುಕಿಸಿದ. ಅವತ್ತು ಮಧ್ಯಾಹ್ನವೇ ಹಾಸಿಗೆ ಸಿಕ್ಕಿತು. “ನೋಡಿದ್ರಾ? ಮೊನ್ನೆಯಿಂದ ಅಂದಿದ್ರೆ ಮುಂದಿನ ತಿಂಗಳು ಬನ್ನಿ ಅಂತಿದ್ರು” ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದ.

ಆಪರೇಷನ್ ಆಯಿತು. ಗಂಟು ಕ್ಯಾನ್ಸರಿನದೇ ಎಂದು ಗೊತ್ತಾಯಿತು. ಆಮೇಲೆ ಕೊಡಬೇಕಾದ ಇಂಜೆಕ್ಷನ್‌ಗಳ ಬೆಲೆ ಕೇಳಿ, ನನ್ನ ಅಂಗಡಿಯ ಸಾಮಾನೆಲ್ಲ ಮಾರಿದರೆ ಎಷ್ಟು ಬರುತ್ತದೆ ಎಂದು ನಾನು ಅಲ್ಲೇ ಲೆಕ್ಕ ಹಾಕಿದೆ. ಅಣ್ಣ ಮಾತ್ರ ಧೈರ್ಯವಾಗಿದ್ದ, ಯಾಕೆಂದರೆ ವಿಮೆ ಇತ್ತು. ಹಿಂದಿನ ವರ್ಷ ಪ್ಯಾಂಟು ಹೊಲಿಸಲು ಬಂದ ಏಜೆಂಟನೊಬ್ಬ ಅಳತೆ ಕೊಡುತ್ತ ನಿಂತಲ್ಲೇ ಗಂಡ ಹೆಂಡತಿ ಇಬ್ಬರಿಗೂ ಪಾಲಿಸಿ ಮಾಡಿಸಿಕೊಟ್ಟಿದ್ದ. ಆಪರೇಷನ್‌ಗೆ ಕೈಯಿಂದ ಕಟ್ಟಿ, ಆಮೇಲೆ ಕೇಳಿ, ಕೊಡುತ್ತೇವೆ ಎಂದು ಕಂಪನಿಯವರು ಅಂದರು. ಅಣ್ಣ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಮಾರಿ ಕಟ್ಟಿದ.

ಕಂಪನಿಯ ಉತ್ತರವನ್ನು ಓದಿ ಹೇಳಿದವಳು ನಾನು. ನಿಮ್ಮ ಹೆಂಡತಿಗೆ ಕಾಯಿಲೆ ಎರಡು ವರ್ಷದಿಂದ ಇತ್ತು, ಪಾಲಿಸಿ ಮಾಡಿಸಿ ಒಂದೇ ವರ್ಷ ಆಗಿದೆ, ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ, ಆದ್ದರಿಂದ ಆಪರೇಷನ್ನಿಗೂ ಕೊಡುವುದಿಲ್ಲ, ಇಂಜೆಕ್ಷನ್ನಿಗೂ ಕೊಡುವುದಿಲ್ಲ.

“ಎರಡು ವರ್ಷ ಅಂತ ಯಾವ ಮುಠ್ಠಾಳ ಹೇಳಿದ್ದು ಇವರಿಗೆ?” ಅಂದ ಅಣ್ಣ. ಅಂದವನು ಹಾಗೇ ನಿಂತುಬಿಟ್ಟ. ಆಮೇಲೆ ಕತ್ತರಿಸುವ ಮೇಜಿನ ಮೇಲೆ, ಯಾರದೋ ಸೂಟಿನ ಬಟ್ಟೆಯ ಮೇಲೆಯೇ, ಕೂತ.

“ಅಯ್ಯೋ, ನಿನ್ನ ಬಾಯಿಗೆ ಬೀಗ ಹಾಕ!” ಎಂದು ನಾನು ಕಿರುಚಿದೆ. “ಎರಡು ವರ್ಷ ಅಂತೆ! ಹತ್ತು ವರ್ಷ ಅನ್ನಬೇಕಿತ್ತು, ಇನ್ನೂ ಬೇಗ ಅಡ್ಮಿಟ್ ಮಾಡ್ಕೋತಿದ್ರು!”

“ಬಿಡಮ್ಮ, ಬೈಬೇಡ. ನನಗೋಸ್ಕರ ಹೇಳಿದ್ದು” ಅಂದರು ಅತ್ತಿಗೆ. ಅವರ ಕೈಯಲ್ಲಿ ಸೂಜಿ. ಅಣ್ಣನಿಗೆ ನನ್ನ ಬೈಗುಳಕ್ಕಿಂತ ಆ ಮಾತೇ ಹೆಚ್ಚು ನಾಟಿತು ಎಂದು ಕಾಣುತ್ತದೆ. ಎದ್ದು ಹೊರಗೆ ಹೋದ.

ಆಮೇಲೆ ಕಂಪನಿಗೆ ಫೋನು ಮಾಡುವುದು ಶುರುವಾಯಿತು. ಆ ಕಡೆ ಜೇನಿನಂಥ ದನಿಯ ಹುಡುಗಿ. “ಪರಿಶೀಲನೆಯಲ್ಲಿದೆ ಸರ್, ನಾಳೆ ತಿಳಿಸ್ತೀವಿ.” ಊರಿಗೆಲ್ಲ ನಾಳೆ ಅಂದವನಿಗೆ ಈಗ ದಿನಾ ನಾಳೆ. ಬೇರೆ ಯಾವ ವಿಷಯವಾಗಿದ್ದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಕಂಪನಿಯ ಆಫೀಸಿಗೂ ಹೋದೆವು. ಗಾಜಿನ ಬಾಗಿಲು, ಕೊರೆಯುವ ಏಸಿ, ನಂಬರ್ ಚೀಟಿ. ಇಸ್ತ್ರಿ ಶರ್ಟಿನವನೊಬ್ಬ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ಆಸ್ಪತ್ರೆಯಲ್ಲಿ ಬರೆದುಕೊಂಡಿದ್ದನ್ನು ತೋರಿಸಿದ.

“ಅದು ನಾನು ಸುಮ್ನೆ ಹೇಳಿದ್ದು ಸಾರ್” ಅಂದ ಅಣ್ಣ.

“ಕ್ಯಾನ್ಸರ್ ವಿಷಯದಲ್ಲಿ ಯಾರಾದ್ರೂ ಸುಮ್ನೆ ಹೇಳ್ತಾರಾ?”

“ಪಾಲಿಸಿ ಮಾರೋವಾಗ ಒಂದು ಪರೀಕ್ಷೆನೂ ಮಾಡಿಸಲಿಲ್ಲವಲ್ಲ ನೀವು? ಅವಾಗ ಎಲ್ಲಿ ಹೋಗಿತ್ತು ಈ ಪ್ರಶ್ನೆ?” ಎಂದು ನಾನು ಕೇಳಿದೆ. ಅವನು ಮುಂದಿನ ನಂಬರ್ ಕರೆದ. ಮಾರುವಾಗ ನೆಂಟರು, ಕೊಡುವಾಗ ಪೊಲೀಸರು. ಹಾಳಾಗಿ ಹೋಗಲಿ ಇವರ ವಂಶ ಎಂದು ಬಾಯಿತುಂಬ ಶಪಿಸುತ್ತ ಮನೆಗೆ ಬಂದೆ. ಶಾಪಕ್ಕೆ ಇಂಜೆಕ್ಷನ್ ಬರುತ್ತದೆಯೇ? ವಿಮೆ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿಯೊಬ್ಬರಿದ್ದಾರೆ ಎಂದು ಯಾರೋ ಗಿರಾಕಿ ಹೇಳಿದ. ಅಲ್ಲಿಗೆ ಬರೆದು ಹಾಕಿ, ವಿಚಾರಣೆಗೆ ದಿನ ಕೊಡುವುದನ್ನೇ ಕಾಯುತ್ತ ಕೂತೆವು. ಆಸ್ಪತ್ರೆಯವರು ಅಲ್ಲಿಯವರೆಗೆ ಮಾತ್ರೆ ಕೊಟ್ಟರು. “ಇದು ಸಾಲದು, ಇಂಜೆಕ್ಷನ್ ತಡ ಮಾಡಬೇಡಿ” ಎಂದು ಪ್ರತಿ ಸಲವೂ ಹೇಳಿದರು.

ಅಣ್ಣ ಆವಾಗಲೇ ಅತ್ತಿಗೆಗೆ ಒಂದು ಕಟ್ಟಪ್ಪಣೆ ಮಾಡಿದ್ದು. “ಕೇಸ್ ಮುಗಿಯೋವರೆಗೆ ಡಾಕ್ಟರ ಹತ್ರ ಒಂದು ಮಾತೂ ಹೆಚ್ಚಿಗೆ ಆಡಬೇಡ. ಏನ್ ಕೇಳಿದ್ರೂ ಇಲ್ಲ ಅನ್ನು. ಅವರು ಬರ್ಕೋತಾರೆ, ಇವರು ಅದನ್ನೇ ಹಿಡ್ಕೊಂಡು ನೇಣು ಹಾಕ್ತಾರೆ. ಬಾಯಿ ಬಿಟ್ಟರೆ ಬಣ್ಣಗೇಡು.”

ಅತ್ತಿಗೆ ಹೂಂ ಅಂದರು. ಮುಂದಿನ ಸಲ ಡಾಕ್ಟರು, ಕಾಯಿಲೆ ಮೂಳೆಗೋ ಇನ್ನೆಲ್ಲಿಗೋ ಹರಡಿರಬಾರದಲ್ಲ ಎಂದು, ಬೇರೆಲ್ಲಾದರೂ ನೋವಿದೆಯೇ, ಹಸಿವು ಹೇಗಿದೆ, ನಿದ್ದೆ ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಅತ್ತಿಗೆ ಎಲ್ಲಕ್ಕೂ ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಎಂದರು. ಡಾಕ್ಟರು ಹಾಗೇ ಬರೆದುಕೊಂಡರು. ಅಣ್ಣ ನಿಟ್ಟುಸಿರು ಬಿಟ್ಟ.

ಶಾಲೆಯ ಯೂನಿಫಾರಂ ಕೆಲಸ ಬಂತು. ಆ ಎರಡು ತಿಂಗಳ ದುಡಿಮೆಯಲ್ಲೇ ನಮ್ಮ ವರ್ಷದ ಅರ್ಧ ಊಟ. ಕಾಲಿಡಲು ಜಾಗವಿಲ್ಲದಂತೆ ನೀಲಿ ಪ್ಯಾಂಟು, ಬಿಳಿ ಶರ್ಟು. ಅತ್ತಿಗೆ ಸ್ಟೂಲು ಬಿಟ್ಟು ನಿಂತೇ ಗುಂಡಿ ಹಾಕತೊಡಗಿದರು. ಯಾಕೆ ಅಂತ ಕೇಳಿದೆ. “ಕೂತೂ ಕೂತೂ ಸಾಕಾಯ್ತು” ಎಂದರು. ಕೂತರೆ ಗೋಡೆಗೆ ಒರಗುತ್ತಿದ್ದರು. ಒಂದು ದಿಂಬು ತಂದುಕೊಟ್ಟೆ. ಅಣ್ಣನಿಗೆ ಇದೊಂದೂ ಕಾಣಲಿಲ್ಲ. ಅವನು ತನ್ನ ನಾಲಿಗೆಯನ್ನೇ ಶಪಿಸಿಕೊಂಡು ಬಡಕಲಾಗುತ್ತಿದ್ದ. ಮೆಷಿನ್ ತುಳಿಯುತ್ತ ತುಳಿಯುತ್ತ ನಿಲ್ಲಿಸಿ, “ನಾನೇ ಕೊಂದೆ ಕಣೇ ಇವಳನ್ನ” ಅಂದ ಒಂದು ದಿನ. “ಬಾಯಿ ಮುಚ್ಚು, ಇನ್ನೂ ಬದುಕಿದ್ದಾರೆ” ಎಂದು ನಾನು ಗದರಿದೆ. ಹಲಗೆಯ ಆಚೆಯಿಂದ ಅವನು ಅಳುವುದು ಕೇಳಿಸಿತು.

ಮಕ್ಕಳು ಅವೇ ಯೂನಿಫಾರಂಗಳ ಮಂಡಿ ಹರಿದುಕೊಂಡು ತೇಪೆಗೆ ಬರುವ ಹೊತ್ತಿಗೆ ವಿಚಾರಣೆಯ ದಿನ ಬಂತು. ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ಅತ್ತಿಗೆ ಕಂಬಿ ಹಿಡಿದು ನಿಂತು ನಿಂತು ಹತ್ತಿದರು. ಒಳಗೆ ಉದ್ದನೆಯ ಮೇಜು, ಅದರಾಚೆ ಕನ್ನಡಕ ಹಾಕಿದ ವಯಸ್ಸಾದ ಅಧಿಕಾರಿಣಿ, ಪಕ್ಕದಲ್ಲಿ ಕಂಪನಿಯ ಅದೇ ಇಸ್ತ್ರಿ ಶರ್ಟು. ಅವನು ತನ್ನ ಪಾಠ ಒಪ್ಪಿಸಿದ. ಅಧಿಕಾರಿಣಿ ಅಣ್ಣನ ಕಡೆ ತಿರುಗಿ, “ಎರಡು ವರ್ಷ ಅಂತ ನೀವು ಹೇಳಿದ್ದು ಹೌದಾ?” ಎಂದು ಕೇಳಿದರು.

“ಹೌದು ಮೇಡಂ. ಸುಳ್ಳು ಹೇಳಿದೆ.” ಅಣ್ಣ ತನ್ನ ಶರ್ಟಿನ ಅಂಚನ್ನು ಎಳೆದು ಒಳಮಗ್ಗುಲು ತಿರುಗಿಸಿ ತೋರಿಸಿದ. “ನೋಡಿ, ನನ್ನ ಶರ್ಟಿಗೂ ಎರಡು ಬೆರಳು ಬಿಟ್ಕೊಂಡಿದ್ದೀನಿ. ಈ ಜನ್ಮದಲ್ಲಿ ನಾನು ದಪ್ಪ ಆಗೋದುಂಟಾ? ಅಭ್ಯಾಸ ಮೇಡಂ. ಬಟ್ಟೆಗೆ ಬಿಟ್ಟ ಹಾಗೆ ಮಾತಿಗೂ ಬಿಟ್ಟೆ. ಬೇಗ ನೋಡಲಿ ಅಂತ. ತಪ್ಪು ನನ್ನದು, ಅವಳದ್ದಲ್ಲ.”

ಅಧಿಕಾರಿಣಿಗೆ ನಗು ಬಂತು, ತಡೆದುಕೊಂಡರು. ಅತ್ತಿಗೆಯನ್ನು ಕೇಳಿದಾಗ, ಗಂಟು ಸಿಕ್ಕಿದ ವಾರವೇ ಆಸ್ಪತ್ರೆಗೆ ಬಂದೆವು ಎಂದು ನೆಟ್ಟಗೆ ಹೇಳಿದರು. “ಆ ಒಂದು ಮಾತು ಬಿಟ್ಟು ನಿಮ್ಮ ಹತ್ತಿರ ಬೇರೆ ಏನಿದೆ? ಹಿಂದೆ ಯಾವ ಡಾಕ್ಟರಿಗೆ ತೋರಿಸಿದ್ರು, ಯಾವ ಮಾತ್ರೆ ತಗೊಂಡ್ರು?” ಎಂದು ಅಧಿಕಾರಿಣಿ ಕಂಪನಿಯವನನ್ನು ಕೇಳಿದರು. ಅವನು ಫೈಲು ತಿರುವಿದ, ಮತ್ತೆ ತಿರುವಿದ. ಏನೂ ಇರಲಿಲ್ಲ. ಆಪರೇಷನ್ ಖರ್ಚು ಕೊಡಬೇಕು, ಇಂಜೆಕ್ಷನ್ನಿಗೂ ಕೊಡಬೇಕು ಎಂದು ಅಲ್ಲೇ ಆದೇಶವಾಯಿತು.

ಹೊರಗೆ ಬಂದ ಅಣ್ಣ ಕಾರಿಡಾರಿನಲ್ಲಿ ನಗುತ್ತಿದ್ದ, ಅಳುತ್ತಲೂ ಇದ್ದ. ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು, ಅದರಲ್ಲೇ ಕಣ್ಣೊರೆಸಿಕೊಂಡ. ಅತ್ತಿಗೆ ಬೆಂಚಿನ ಮೇಲೆ ಕೂತಿದ್ದರು.

“ಏಳು, ಏಳೇ. ಇವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸೋಣ.”

ಅತ್ತಿಗೆ ಎರಡೂ ಕೈ ಊರಿ ಏಳಲು ನೋಡಿದರು. ಆಗಲಿಲ್ಲ. ಮತ್ತೆ ಕೂತರು.

“ಪೂರ್ತಿ ಮುಗೀತಾ ರೀ? ಇನ್ನು ಅವರು ಬದಲಾಯಿಸೋ ಹಾಗಿಲ್ವಾ?”

“ಮುಗೀತು ಕಣೇ, ಗೆದ್ವಿ!”

“ಹಾಗಾದ್ರೆ ಈಗ ಹೇಳಬಹುದಾ?”

“ಏನನ್ನ?”

“ಬೆನ್ನು ನೋಯುತ್ತೆ ಕಣ್ರೀ. ಮೂಳೆ ಒಳಗೇ ಕೊರೆದ ಹಾಗೆ. ಮಲಗೋಕೂ ಆಗ್ತಿಲ್ಲ.”

ಅಣ್ಣನ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅವನು ಅವರ ಮುಂದೆ ಮಂಡಿಯೂರಿ ಕೂತ.

“ಎಷ್ಟು ದಿನದಿಂದ?”

ಅತ್ತಿಗೆ ಮೊದಲು ಮೆಟ್ಟಿಲ ಕಡೆ ನೋಡಿದರು. ಕಂಪನಿಯವನು ಇಳಿದು ಹೋಗಿದ್ದಾನೆ ಎಂದು ಖಾತ್ರಿಯಾದ ಮೇಲೆ, ದನಿ ತಗ್ಗಿಸಿ ಹೇಳಿದರು.

“ಯೂನಿಫಾರಂ ಕೆಲಸ ಶುರುವಾಗೋಕೂ ಮುಂಚಿನಿಂದ.”