‘ಹೋಗ್ತೀನಿ’ ಅನ್ನದ ರೋಗಿಗಳು

ಸೊಲ್ಲಾಪುರ ರಸ್ತೆಯ ಆ ಸಣ್ಣ ದವಾಖಾನೆಗೆ ಕಂಪೌಂಡರ್ ಗುರುಪಾದಯ್ಯನೇ ಕಣ್ಣು, ಕೈ, ಬಾಯಿ. ಅದರಲ್ಲೂ ಬಾಯಿ. ಯುದ್ಧದ ಕಾಲ, ಕ್ವಿನೈನ್ ಸಿಗುತ್ತಿರಲಿಲ್ಲ. ಬೈಗುಳಕ್ಕೆ ಮಾತ್ರ ಬರವಿರಲಿಲ್ಲ. ಅದರ ದೊಡ್ಡ ಪಾಲು ಸಲ್ಲುತ್ತಿದ್ದದ್ದು ಜೋರಾಪುರ ಪೇಟೆಯ ಪರಸವ್ವನಿಗೆ.

ಪರಸವ್ವ ಒಂಟಿ ಮುದುಕಿ. ಎದೆ ಹಾರುತ್ತದೆ ಎಂದು ಬರುವಳು, ಬಿಕ್ಕಳಿಕೆ ನಿಲ್ಲದು ಎಂದು ಬರುವಳು, ಬಿಕ್ಕಳಿಕೆ ಯಾಕೋ ನಿಂತುಬಿಟ್ಟಿದೆ ಎಂದೂ ಬರುವಳು. ಯಾವಾಗಲೂ ಜೀವ ಹೋಗುವಷ್ಟು ಅವಸರ. ಗುರುಪಾದಯ್ಯ ಅವಳಿಗೆ ‘ಖಾಯಂ ಗಿರಾಕಿ’ ಎಂದು ಹೆಸರಿಟ್ಟು, ಗುಲಾಬಿ ಬಣ್ಣದ ಸಿಹಿನೀರು ಕೊಟ್ಟು ಸಾಗಹಾಕುತ್ತಿದ್ದ. ಅವಳು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಬರ್ತೀನಿ ಯಪ್ಪಾ" ಎನ್ನುವಳು. ಬಂದೇ ಬಿಡುವಳು.

ಒಂದು ದಿನ ಗುರುಪಾದಯ್ಯನಿಗೆ ಜ್ಞಾನೋದಯವಾಯಿತು. ರೋಗ ಇರುವುದು ಎದೆಯಲ್ಲಲ್ಲ, ಆ ‘ಬರ್ತೀನಿ’ಯಲ್ಲಿ! ಮನೆಯಿಂದ ಹೊರಡುವಾಗ ಹಾಗನ್ನಬೇಕು, ಸರಿ. ದವಾಖಾನೆಯಿಂದ ಹೊರಡುವಾಗ ಯಾರಾದರೂ ಅನ್ನುತ್ತಾರೆಯೇ? ಡಾಕ್ಟರು ಕಾಲರಾ ಸೂಜಿ ಹಾಕಲು ತಿಕೋಟಾ, ಬಬಲೇಶ್ವರದ ಕಡೆ ಹೋದದ್ದೇ ತಡ, ಅಯ್ಯನ ಹುಕುಂ ಹೊರಟಿತು: ‘ಹೋಗ್ತೀನಿ’ ಅನ್ನದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ದವಾಖಾನೆಯ ಸಿಪಾಯಿ ಸಾಬಣ್ಣ ಬಾಗಿಲಿಗೆ ಬಡಿಗೆ ಅಡ್ಡ ಹಿಡಿದು ನಿಂತ.

ಆದರೆ ದವಾಖಾನೆಯಲ್ಲಿ ನಿಂತು ಆ ಮಾತನ್ನು ಯಾವ ಬಾಯಿ ಆಡೀತು?

"ಹೋಗ್ತೀನಿ ಅನ್ನಾಕ ನಾ ಏನ್ ಸಾಯಾಕತ್ತೇನೇನ್ರಿ?" ಎಂದು, ಕಾಲು ಉಳುಕಿ ಬಂದಿದ್ದ ಬಸಗೊಂಡಪ್ಪ ವಾಸಿಯಾದ ಕಾಲನ್ನು ಮಡಚಿಕೊಂಡು ಮಂಚದ ಮೇಲೆಯೇ ಕೂತ. ಜ್ವರ ಬಿಟ್ಟವರು, ಹಲ್ಲು ಕೀಳಿಸಿಕೊಂಡವರು ಎಲ್ಲರೂ ಕೂತರು. ಮನೆಗಳಿಂದ ರೊಟ್ಟಿ ಬುತ್ತಿ ಬಂತು. ಪಡಸಾಲೆಯಲ್ಲಿ ಪಗಡೆ ಆಟ ಶುರುವಾಯಿತು. ಮರುದಿನದ ಹೊತ್ತಿಗೆ ದವಾಖಾನೆಯಲ್ಲಿ ರೋಗವಿದ್ದವರು ಒಬ್ಬರೂ ಇರಲಿಲ್ಲ, ಮಲಗಲು ಜಾಗವೂ ಇರಲಿಲ್ಲ.

ಆಗ ಪರಸವ್ವ ಬಂದಳು. ಗೋಡೆ ಹಿಡಿದುಕೊಂಡು ಬಂದಳು. ಹಣೆಯ ತುಂಬ ಬೆವರು.

"ಯಪ್ಪಾ, ಎದಿ ಹಿಡದೈತಿ."

"ದಿನಾ ಹಿಡಿತೈತಲ್ಲಬೇ! ಜಾಗಾ ಎಲ್ಲೈತಿ ನೋಡು" ಎಂದ ಗುರುಪಾದಯ್ಯ, ತಲೆಯೆತ್ತದೆ.

ಅವಳು ಮಂಚಗಳತ್ತ ನೋಡಿದಳು. ಗಟ್ಟಿಮುಟ್ಟಾದವರೆಲ್ಲ ಬುತ್ತಿ ಬಿಚ್ಚುತ್ತಿದ್ದರು. ಅವಳು ವಾದಿಸಲಿಲ್ಲ, ಸಿಹಿನೀರೂ ಕೇಳಲಿಲ್ಲ. ಸೆರಗು ಹೊದ್ದು ತಿರುಗಿದಳು.

"ಹೋಗ್ತೀನಿ ಯಪ್ಪಾ."

ಸಾಬಣ್ಣ ಹುಕುಮಿನಂತೆ ಬಡಿಗೆ ಸರಿಸಿ ದಾರಿ ಬಿಟ್ಟ.

ಗುರುಪಾದಯ್ಯ ತಲೆಯೆತ್ತಿದ. ಅಷ್ಟು ಹಟ ಹಿಡಿದು ಕಾದಿದ್ದ ಮಾತು ಕಿವಿಗೆ ಬಿದ್ದಾಗ ಅವನಿಗೆ ಬರೀ ಹೆದರಿಕೆಯಾಯಿತು. ಕೈಯಲ್ಲಿದ್ದುದನ್ನು ಬಿಟ್ಟು ಹೊರಗೋಡಿದ. ಪರಸವ್ವ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

"ಹಂಗ ಅನಬ್ಯಾಡಬೇ ಯವ್ವಾ! ಬರ್ತೀನಿ ಅನ್ನು. ದಿನಾ ಬರ್ತೀನಿ ಅನ್ನು!"

ಅವಳು ಉಸಿರು ಕೂಡಿಸಿಕೊಂಡು ಕೇಳಿದಳು: "ನೀ ಒಳಗ ಕರಕೊಳ್ಳಲಿಲ್ಲ. ಎಲ್ಲಿಗೆ ಬರಲೋ?"

ಗುರುಪಾದಯ್ಯ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಓಡಿದ, "ಏಳಲೇ ಬಸಗೊಂಡಾ, ಮಂಚಾ ಬಿಡಲೇ!" ಎಂದು ಅಳುತ್ತಲೇ ಬೈಯುತ್ತ.