ನಾನು ಕುಡಿಯದ ಮೂರು ಲೀಟರ್

ಹಿಮಾಲಯದ ಸ್ಪಿತಿ ಕಣಿವೆಯ ದಾರಿಯಲ್ಲಿ ನೋಟ್‌ಬುಕ್ ಬರೆಯುವ ಕೆಲಸ ನನ್ನದಾಗಿತ್ತು. ಎಷ್ಟು ಡೀಸೆಲ್ ಹಾಕಿಸಿದೆವು, ಟೈರಿನ ಗಾಳಿ ಎಷ್ಟು ಇಳಿಸಿದೆವು, ಯಾರು ಎಷ್ಟು ನೀರು ಕುಡಿದರು. ಅಷ್ಟು ಎತ್ತರದಲ್ಲಿ ಬಾಯಾರದಿದ್ದರೂ ದಿನಕ್ಕೆ ಮೂರು ಲೀಟರ್ ಕುಡಿಯಬೇಕೆಂದು ಹುಬ್ಬಳ್ಳಿ ಬಿಡುವಾಗಲೇ ಡಾಕ್ಟರು ಹೇಳಿದ್ದರು.

ಜೀಪಿನಲ್ಲಿ ನಾನು, ನಮ್ಮ ಮನೆಯವರು, ಜೀಪು ಓಡಿಸಲು ಅವರ ಗೆಳೆಯರಾದ ಗ್ಯಾರೇಜಿನ ಮೇಸ್ತ್ರಿ. ಸುತ್ತ ಬರೀ ಕಲ್ಲು, ಸಡಿಲ ಮಣ್ಣಿನ ಇಳಿಜಾರು. ಮರೆಗೆ ಒಂದು ಪೊದೆಯೂ ಇಲ್ಲ. ಗಂಡಸರು ಜೀಪಿನ ಹಿಂದೆ ಹೋಗಿ ಬಂದುಬಿಡುತ್ತಿದ್ದರು. ನಾನೆಲ್ಲಿ ಹೋಗಲಿ? ಬಸ್ಸು ಹತ್ತುವ ದಿನ ನೀರು ಮುಟ್ಟಬಾರದೆಂದು ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದಳು. ಅದನ್ನೇ ಮಾಡಿದೆ. ದಿನಕ್ಕೆ ನಾಲ್ಕು ಗುಟುಕು ಕುಡಿದು, ನನ್ನ ಹೆಸರಿನ ಮುಂದೆಯೂ ಮೂರು ಎಂದು ಬರೆದೆ.

ನಾಲ್ಕನೆಯ ದಿನ, ಘಾಟಿನ ನೆತ್ತಿ ಇನ್ನೇನು ಎಂಟು ಕಿಲೋಮೀಟರ್ ಇದೆ ಎನ್ನುವಾಗ ತಲೆ ಸಿಡಿಯತೊಡಗಿತು. ಚಕ್ರ ಒಂದೊಂದು ಬಂಡೆ ಹತ್ತಿಳಿದಾಗಲೂ ಕಣ್ಣಿಗೆ ಕತ್ತಲೆ. ಆಮೇಲೆ ವಾಂತಿ. ಮನೆಯವರು ನೋಟ್‌ಬುಕ್ ತಿರುವಿ, ನೀರಂತೂ ಕುಡಿದಿದ್ದಾಳೆ, ಹಾಗಾದರೆ ಇದು ಎತ್ತರದ್ದೇ ಎಂದರು. ಆ ಘಾಟು ಹತ್ತಲೆಂದೇ ಎರಡು ವರ್ಷ ಜೀಪು ಸಿದ್ಧಪಡಿಸಿದ್ದರು. ನೆತ್ತಿಯ ಕಡೆ ಒಮ್ಮೆ ನೋಡಿ, "ಗಾಡಿ ಹೊಳ್ಳಸಪಾ" ಎಂದು ಮೇಸ್ತ್ರಿಗೆ ಹಿಂದಿರುಗಲು ಹೇಳಿದರು.

ನನ್ನ ಬಾಯಿ ತೊಳೆಯಲೆಂದು ಮೇಸ್ತ್ರಿ ನನ್ನ ಬಾಟಲಿ ಎತ್ತಿದರು. ತುಂಬಿತ್ತು. ಅದನ್ನು ಕಂಡದ್ದು ಅವರೊಬ್ಬರೇ. ಸ್ವಲ್ಪ ಕೆಳಗಿಳಿದ ಮೇಲೆ ಗಾಡಿ ನಿಲ್ಲಿಸಿ, ಮನೆಯವರನ್ನು ಮುಂದೆ ಕಳಿಸಿ, ಒಂದೇ ಬದಿಯ ಎರಡು ಬಾಗಿಲು ತೆರೆದು ನಡುವೆ ಚಾದರ ಕಟ್ಟಿದರು.

"ವೈನಿ, ನಾವು ಮುಂದ ರಸ್ತೆ ನೋಡಿ ಬರ್ತೀವ್ರಿ. ಲಗೂ ಬರೂದಿಲ್ಲ. ಇನ್ನ ನೀರ ಕುಡೀರಿ."

ಕುಡಿದೆ. ಸಂಜೆಗೆ ತಲೆನೋವು ಇಳಿಯಿತು. ಇಳಿಸಿದ್ದು ನೀರೋ, ಕೆಳಗೆ ಬಂದದ್ದೋ, ಇವತ್ತಿಗೂ ತಿಳಿಯದು.

ಹುಬ್ಬಳ್ಳಿಯ ಬೈರಿದೇವರಕೊಪ್ಪದ ಮನೆಗೆ ಮರಳಿ ಎಂಟು ತಿಂಗಳಾದವು. ಯಾರೇ ಬಂದರೂ ಮನೆಯವರು ನೋಟ್‌ಬುಕ್ ತಂದು ತೋರಿಸುತ್ತಿದ್ದರು. ಮೂರು ಲೀಟರ್ ಕುಡಿದರೂ ಆಕೆಗೆ ಎತ್ತರ ತಡೆಯಲಿಲ್ಲ, ಆಕೆಯದೇನು ತಪ್ಪು ಎನ್ನುತ್ತಿದ್ದರು. ನಾನು ಚಹಾ ಸೋಸುತ್ತಿದ್ದೆ.

ಮೊನ್ನೆ ಹೊಸ ನೋಟ್‌ಬುಕ್ ತಂದು, ಗೆರೆ ಹೊಡೆದುಕೊಡು ಎಂದರು. ಈ ಸಲ ಅವರೂ ಮೇಸ್ತ್ರಿಯೂ ಇಬ್ಬರೇ ಹೋಗುತ್ತಾರಂತೆ. ನನ್ನನ್ನು ಮತ್ತೆ ಅಷ್ಟೆತ್ತರಕ್ಕೆ ಒಯ್ಯಲು ಅವರಿಗೆ ಹೆದರಿಕೆ. ಇಬ್ಬರಿಗೆ ಎರಡು ಗೆರೆ ಹೊಡೆದೆ. ಸ್ಕೇಲು ಕೆಳಗಿಟ್ಟೆ.

"ಹಳೇದ್ರಾಗ ನನ್ನ ಹೆಸರಿನ ಮುಂದ ನಾ ಬರದ ಮೂರು ಲೀಟರ್ ಸುಳ್ಳು ಐತ್ರಿ," ಎಂದೆ. ತುಂಬಿದ ಬಾಟಲಿ ಕಂಡು ಮೇಸ್ತ್ರಿ ಚಾದರ ಕಟ್ಟಿದ್ದನ್ನೂ ಹೇಳಿದೆ.

ಅವರು ಹಳೆಯ ನೋಟ್‌ಬುಕ್ ತೆಗೆದು ಪುಟ ತಿರುವಿದರು. ಆಮೇಲೆ ಒಂದೇ ಮಾತು ಕೇಳಿದರು: "ಅಂವಗ ಗೊತ್ತಿತ್ತು, ನನಗ ಯಾಕ ಹೇಳಲಿಲ್ಲ ನೀ?"

ಹೊರಡುವ ಮಾತನ್ನು ಅವರು ಮತ್ತೆ ಎತ್ತಿಲ್ಲ. ಹೊಸ ನೋಟ್‌ಬುಕ್ ಫ್ರಿಜ್ಜಿನ ಮೇಲಿದೆ, ಗೆರೆ ಹೊಡೆದದ್ದು ಒಂದೇ ಪುಟ.