ನೆಗಡಿಗೆ ಬಾಗಿಲು ಹಾಕಿದ ಮಾವನವರು

ನಿನ್ನೆ ಸಂಜೆ ಕಿಟಕಿ ತೆರೆದಾಗ ಭತ್ತದ ತೌಡಿನ ವಾಸನೆ ಒಳಗೆ ಬಂತು. ಸಿಂಧನೂರಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ನೀರಿನ ಭತ್ತ ಕೊಯ್ಲಿಗೆ ಬಂತೆಂದರೆ ಹಗಲೆಲ್ಲ ಗದ್ದೆಗಳಲ್ಲಿ ಯಂತ್ರಗಳು ಓಡುತ್ತವೆ, ಸಂಜೆ ಮಿಲ್ಲುಗಳ ಹೊಟ್ಟು ಗಾಳಿಯಲ್ಲಿ ತೇಲುತ್ತದೆ. ಅದರ ಬೆನ್ನಿಗೇ ಥಂಡಿ ಬರುತ್ತದೆ, ಥಂಡಿಯ ಬೆನ್ನಿಗೆ ನೆಗಡಿ. ನನಗೂ ಗಂಟಲು ಕೆರೆಯತೊಡಗಿತ್ತು. ಬೆಳಿಗ್ಗೆ ಎದ್ದವಳೇ ದಿಂಬು, ಹೊದಿಕೆ, ನೀರಿನ ತಂಬಿಗೆ ಎತ್ತಿಕೊಂಡು ಹೊರಗಿನ ಕೋಣೆಗೆ ಬಂದುಬಿಟ್ಟೆ. ಹೋಗೆಂದು ಯಾರೂ ಹೇಳಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಈಗ ಅದೇ ಪದ್ಧತಿ. ಅದು ಹೇಗೆ ಪದ್ಧತಿಯಾಯಿತೆಂದು ನಿಮಗೆ ಹೇಳುತ್ತೇನೆ. ಇವತ್ತು ನನಗೆ ಬೇರೆ ಕೆಲಸವೂ ಇಲ್ಲ, ಕಾಗದದ ಆಚೆ ಕುಳಿತ ನಿಮಗೆ ನನ್ನ ಸೀನು ತಾಗುವ ಭಯವೂ ಇಲ್ಲ.

ನಮ್ಮ ಕಡೆಯ ಥಂಡಿ ಬಹಳ ಕಾಲ ನಿಲ್ಲುವಂಥದ್ದಲ್ಲ. ಆದರೆ ವರ್ಷವೆಲ್ಲ ಬಿಸಿಲಲ್ಲಿ ಬೆಂದ ಮಂದಿಗೆ ಅಷ್ಟೇ ಸಾಕು. ಓಣಿಯಲ್ಲಿ ಎಲ್ಲರಿಗಿಂತ ಮೊದಲು ಮಫ್ಲರ್ ಸುತ್ತುವವರು ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ. ಬಜಾರದಲ್ಲಿ ಅವರದು ಬಟ್ಟೆ ಅಂಗಡಿ. ಒಬ್ಬರೇ ಕೂತು ಚಹಾ ಕುಡಿದದ್ದನ್ನು ಅವರ ಜನ್ಮದಲ್ಲಿ ಯಾರೂ ನೋಡಿಲ್ಲ. ಯಾರಾದರೂ ಎದುರಿಗಿರಬೇಕು, ಒಂದೇ ಕಪ್ಪು-ಬಶಿಯಲ್ಲಿ ಹಂಚಿಕೊಳ್ಳಬೇಕು, ಅದೇ ಅವರ ಸ್ನೇಹದ ಲಕ್ಷಣ. ಅವರು ಸೀನಿದರೆ ಪಕ್ಕದ ಮನೆಯ ಹಾಜರಾಬಿಯ ಕೋಳಿಗಳು ಗೋಡೆಯಿಂದ ಇಳಿದು ಓಡುತ್ತಿದ್ದವು. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವಳು, ಮನೆಯಲ್ಲೂ ಹೇಳುವ ಚಟ ಬಿಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಸೀನುವಾಗ ಬಾಯಿಗೆ ಬಟ್ಟೆ ಹಿಡಿಯಬೇಕೆಂದು ಅವರಿಗೊಂದು ಸಣ್ಣ ಪಾಠ ಮಾಡಿದೆ. ಅವರು ಕೊನೆಯವರೆಗೆ ಶಾಂತವಾಗಿ ಕೇಳಿ, "ನೆಗಡಿ ಅನ್ನೋದು ಮಂದಿ ಕೊಡೋದಲ್ಲವ್ವ, ಹವಾ ಕೊಡೋದು" ಎಂದರು. ಹವಾ, ಮೊಸರು, ಬಾಳೆಹಣ್ಣು, ಫ್ಯಾನು, ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ಹಾಕಿದ ನೀರು, ಇವೆಲ್ಲ ಅವರ ಲೆಕ್ಕದಲ್ಲಿ ತಪ್ಪಿತಸ್ಥರು. ಮನುಷ್ಯ ಮಾತ್ರ ನಿರಪರಾಧಿ.

ನನ್ನ ಮಗಳು ಹುಟ್ಟಿದ್ದು ದಿನ ತುಂಬುವ ಮೊದಲೇ. ಅಂಗೈ ಮೇಲೆ ಮಲಗಿಸಿದರೆ ಮೊಣಕೈ ತನಕ ಬರುವಷ್ಟೇ ಇದ್ದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಗೆ ತಂದು ನನ್ನ ಕೈಗೆ ಕೊಡುವಾಗ ಡಾಕ್ಟರಮ್ಮ ಹೇಳಿದ್ದು ಹೆಚ್ಚೇನಲ್ಲ. ಎದೆಹಾಲು ಕೊಡಿ, ಕೈ ತೊಳೆಯದೆ ಯಾರೂ ಮುಟ್ಟಬಾರದು, ನೆಗಡಿ ಕೆಮ್ಮು ಇದ್ದವರು ಹತ್ತಿರ ಸುಳಿಯಬಾರದು. ದೊಡ್ಡವರಿಗೆ ಬರೀ ನೆಗಡಿ ಅನಿಸಿದ್ದು ಈ ಎದೆಗೆ ಇಳಿದರೆ ಕಷ್ಟ, ಅಂದರು. ಆ ಮಾತು ಕೇಳಿದ ದಿನದಿಂದ ಯಾರು ಮೂಗು ತಿಕ್ಕಿಕೊಂಡರೂ ನಾನು ಕೂಸನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದೆ.

ಬಾಣಂತನಕ್ಕೆ ಲಿಂಗಸುಗೂರಿನ ತವರಿಗೆ ಹೋದೆ. ಚಳಿ ಶುರುವಾದಾಗ ಅಣ್ಣನ ಮಕ್ಕಳು ಶಾಲೆಯಿಂದ ಜ್ವರ ಹೊತ್ತು ತಂದರು. ಇಂದು ಒಬ್ಬ, ನಾಳೆ ಇನ್ನೊಬ್ಬಳು, ಆಮೇಲೆ ಅತ್ತಿಗೆ, ಕೊನೆಗೆ ನನ್ನ ಅವ್ವನೇ ಮಲಗಿದಳು. ಮಲಗಿದಲ್ಲಿಂದಲೇ ಅವಳು, ಕೂಸನ್ನು ಕರಕೊಂಡು ಗಂಡನ ಮನೆಗೆ ನಡೆ ಎಂದಳು. ಬಾಣಂತಿಯನ್ನು ಹಾಗೆ ಅವಸರದಲ್ಲಿ ಕಳಿಸುವುದು ಅವಳಿಗೆ ಎಷ್ಟು ಕಷ್ಟವಾಗಿತ್ತೆಂದು ಮುಖದ ಮೇಲೆಯೇ ಕಾಣುತ್ತಿತ್ತು. ಗಂಡ ಕಾರು ಮಾಡಿಕೊಂಡು ಬಂದರು, ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಅಲ್ಲಿ ಮಾವನವರಿದ್ದಾರೆ. ಮೊಮ್ಮಗಳಿಗಾಗಿ ಹಳೆಯ ತೊಟ್ಟಿಲನ್ನು ತಾವೇ ಉಜ್ಜಿ ಎಣ್ಣೆ ಹಚ್ಚಿಟ್ಟ ಮನುಷ್ಯ. ಗೇಟಿನಲ್ಲೇ ಕೂಸನ್ನು ಕಸಿದುಕೊಂಡು ಕೆನ್ನೆಗೆ ಕೆನ್ನೆ ಹಚ್ಚಿಬಿಡುತ್ತಾರೆ. ನಾನು ಹೇಗೆ ತಡೆಯಲಿ, ಯಾವ ಬಾಯಿಂದ ತಡೆಯಲಿ?

ಕಾರು ನಿಂತಿತು. ಅತ್ತೆಯವರು ಆರತಿ ಹಿಡಿದು ನಿಂತಿದ್ದರು. ಮಾವನವರು ಅವರ ಪಕ್ಕದಲ್ಲಿರಲಿಲ್ಲ. ನೋಡಿದರೆ ರಸ್ತೆಯ ಆ ಕಡೆ, ಮೂಗು ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ಬೇವಿನ ಮರಕ್ಕೆ ಆತು ನಿಂತಿದ್ದಾರೆ. ನಾನು ಅತ್ತ ಒಂದು ಹೆಜ್ಜೆ ಇಟ್ಟೆ. ಅವರು ಅಲ್ಲಿಂದಲೇ ಕೈ ಅಡ್ಡ ಮಾಡಿದರು.

"ಒಳಗ ನಡಿಯವ್ವ. ನನಗ ಮುಂಜಾನಿಂದ ಮೈ ಬಿಸಿ ಆಗೈತಿ."

ಅಷ್ಟೇ. ಹವಾದ ಮಾತಿಲ್ಲ, ಮೊಸರಿನ ಮಾತಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನನ್ನ ಗಂಡನಿಂದ ಕೇಳಿಕೊಂಡಿದ್ದರಂತೆ. ನಾವು ಒಳಗೆ ಹೋದಮೇಲೆ ಅವರು ಬಂದು ಈ ಹೊರಗಿನ ಕೋಣೆ ಸೇರಿದರು. ಇದಕ್ಕೆ ಅಂಗಳದ ಕಡೆಗೊಂದು ಬಾಗಿಲು, ಗೇಟಿನ ಕಡೆಗೊಂದು ಕಿಟಕಿ. ಡಾಕ್ಟರು ನೋಡಿ, ಇದು ಬರೀ ನೆಗಡಿಯಲ್ಲ, ಫ್ಲೂ ಎಂದು ಔಷಧ ಕೊಟ್ಟು ಹೋದರು. ಅತ್ತೆಯವರು ಹೊಸ್ತಿಲಲ್ಲಿ ಗಂಜಿ ಇಟ್ಟು ಹಿಂದೆ ಸರಿಯುವರು, ಅವರು ಬಂದು ತೆಗೆದುಕೊಳ್ಳುವರು. ಅವರ ತಟ್ಟೆ, ಟವೆಲ್ಲು ಬೇರೆಯಾದವು. ಗೇಟಿನ ಬಳಿ ಬಕೀಟು, ತಂಬಿಗೆ, ಸಾಬೂನು ಇಡಿಸಿದವರೂ ಅವರೇ. ಯಾರೇ ಬರಲಿ, ಕಿಟಕಿಯೊಳಗಿಂದ ಕೈ ತೊಳೆಯುವಂತೆ ಕೂಗುತ್ತಿದ್ದರು. ಹಾಜರಾಬಿ ಕೂಸಿಗೆ ಲೋಬಾನದ ಹೊಗೆ ಹಾಕಲು ಬಂದಾಗ, ಹೊಗೆ ಸಣ್ಣ ಎದೆಗೆ ಒಗ್ಗುವುದಿಲ್ಲವೆಂದು ನಾನು ಹೇಗೆ ಹೇಳಲೆಂದು ಒದ್ದಾಡುತ್ತಿದ್ದೆ. ಅವರು ಕಿಟಕಿಯಿಂದಲೇ ಹೇಳಿ, ಲೋಬಾನವನ್ನು ತಮ್ಮ ಕೋಣೆಗೆ ಹಾಕಿಸಿಕೊಂಡು ತಾವೇ ಕೆಮ್ಮಿದರು.

ಸಂಜೆ ಬಿಸಿಲು ಇಳಿಯುವ ಮೊದಲು ನಾನು ಅಂಗಳದ ಆ ತುದಿಯಲ್ಲಿ ನಿಂತು ಕೂಸನ್ನು ತುಸು ಎತ್ತಿ ತೋರಿಸುತ್ತಿದ್ದೆ. ಅವರು ಕಿಟಕಿಯ ಸರಳು ಹಿಡಿದು ನೋಡುವರು. ಕಾಣುತ್ತಿದ್ದುದು ಬಟ್ಟೆಯ ಗಂಟು, ಅದರೊಳಗೊಂದು ಮೂಗು. ಆದರೂ ಅದು ತಮ್ಮ ತಾಯಿಯ ಮೂಗೇ ಎಂದು ಅಷ್ಟು ದೂರದಿಂದಲೇ ತೀರ್ಮಾನ ಮಾಡಿದರು.

ಹೀಗಿರುವಾಗ ಮಸ್ಕಿ ಅಮ್ಮ ಬಂದರು. ಮಾವನವರ ಅಕ್ಕ. ಮಸ್ಕಿಗೆ ಕೊಟ್ಟಿದ್ದರಿಂದ ಮನೆಯವರೆಲ್ಲ ಹಾಗೇ ಕರೆಯುವುದು. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಈ ಮನೆಯಲ್ಲಿ ಅವರ ಮಾತಿಗೆ ಎದುರಾಡಿದವರಿಲ್ಲ. ಅವತ್ತು ಮುಂಚಿತವಾಗಿ ಹೇಳದೆ ಬಸ್ಸಿಗೆ ಬಂದಿದ್ದರು. ಚೀಲದಲ್ಲಿ ನನಗೆ ಬಾಣಂತನದ ಅಂಟಿನುಂಡಿ, ಕೂಸಿನ ತಲೆಗೆ ಕಟ್ಟಲು ಕೈಯಾರೆ ಹೊಲಿದ ಕುಂಚಿಗೆ. ಆಟೋ ಇಳಿದು ಗೇಟಿಗೆ ಕೈ ಹಾಕುವಷ್ಟರಲ್ಲಿ ಕೆಮ್ಮು ಬಂತು. ಬಗ್ಗಿ ನಿಂತು, ಗೇಟು ಹಿಡಿದುಕೊಂಡು ಕೆಮ್ಮಿದರು. ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿದ್ದ ನನಗೆ ಆ ಸದ್ದು ಕೇಳಿಸಿತು. ಅತ್ತೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಅಕ್ಕಾ, ಅಲ್ಲೇ ನಿಲ್ಲು," ಎಂದರು ಮಾವನವರು ಕಿಟಕಿಯಿಂದ. "ಕೆಮ್ಮು ಹೋಗೋ ತನಕ ಒಳಗ ಬರಬ್ಯಾಡ."

ಮಸ್ಕಿ ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಮೇಲೆ ಅವರ ದನಿ ಏರಲೂ ಇಲ್ಲ.

"ನಿನ್ನ ಎತ್ತಿ ಆಡಿಸಿದ ಕೈ ಇದು. ಈ ಕೈಲೆ ನಿನ್ನ ಮೊಮ್ಮಗಳನ್ನ ಮುಟ್ಟಬಾರದೇನು?"

"ನಾನೂ ಮುಟ್ಟಿಲ್ಲಕ್ಕ. ಕೂಸು ಬಂದಾಗಿಂದ ನಾ ಇಲ್ಲೇ ಕುಂತೀನಿ."

ಆ ಮಾತನ್ನು ಅವರು ನಂಬಿದರೋ ಇಲ್ಲವೋ. ಚೀಲವನ್ನು ಕಟ್ಟೆಯ ಮೇಲಿಟ್ಟರು, ಸೆರಗು ಹೊದ್ದರು, ಹೊರಟರು. ಅತ್ತೆಯವರು ನೀರಿನ ತಂಬಿಗೆ ಹಿಡಿದು ಓಣಿಯ ತನಕ ಓಡಿದರು. ಮಸ್ಕಿ ಅಮ್ಮ ನೀರು ಮುಟ್ಟಲಿಲ್ಲ. ಬಾಗಿಲ ತನಕ ಬಂದ ಹಿರಿಯರು ನೀರು ಕುಡಿಯದೆ ತಿರುಗಿ ಹೋಗುವುದೆಂದರೆ ನಮ್ಮ ಕಡೆ ಏನೆಂದು ನಿಮಗೆ ಗೊತ್ತಿದೆ. ಅದೂ ಅಕ್ಕ, ತಾಯಿಯಂಥ ಅಕ್ಕ.

ಮಾವನವರು ಅವತ್ತು ಗಂಜಿಯ ತಟ್ಟೆ ಮುಟ್ಟಲಿಲ್ಲ. ಫೋನು ಮಾಡಿದರು, ಆ ಕಡೆ ಎತ್ತಲಿಲ್ಲ. ಸಂಜೆ ನಾನು ಎಂದಿನಂತೆ ಕೂಸನ್ನು ಎತ್ತಿ ತೋರಿಸಿದಾಗ ಬಹಳ ಹೊತ್ತು ನೋಡಿದರು. ನಾನು ಅಳುವ ಹಾಗಿದ್ದೆ. ನನ್ನಿಂದ ಹೀಗಾಯಿತು, ಅಕ್ಕ ತಮ್ಮ ನನ್ನ ಭಯಕ್ಕೆ ಬೇರೆಯಾದರು ಎಂದೇನೋ ತೊದಲಿದೆ. ಅವರು ಸರಳಿನ ಹಿಂದಿನಿಂದ ಹೇಳಿದರು: "ಅಕ್ಕನ ಸಿಟ್ಟು ನಾ ತಡೀತೀನವ್ವ. ಕೂಸು ಕೆಮ್ಮಿದ್ರ ತಡಿಯೋದು ನನ್ನ ಕೈಲೆ ಆಗಂಗಿಲ್ಲ."

ಜ್ವರ ಬಿಟ್ಟಿತು, ಕೆಮ್ಮೂ ನಿಂತಿತು. ಡಾಕ್ಟರು ಇನ್ನು ಅಡ್ಡಿಯಿಲ್ಲವೆಂದರು. ಮಾವನವರು ತಲೆಗೆ ನೀರು ಹಾಕಿಕೊಂಡು, ಒಗೆದ ಧೋತರ ಉಟ್ಟು ಅಂಗಳಕ್ಕೆ ಬಂದರು. ನಾನು ಕೂಸಿಗೆ ಹೊಸ ಅಂಗಿ ತೊಡಿಸಿ ತೊಟ್ಟಿಲ ಬಳಿ ಕಾಯುತ್ತಿದ್ದೆ. ಅವರು ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು, ಮಸ್ಕಿಗೆ ಹೋಗಿಬರುತ್ತೇನೆಂದು ಅತ್ತೆಯವರಿಗೆ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟರು. ಅಕ್ಕನನ್ನು ಸಮಾಧಾನ ಮಾಡದೆ ಕೂಸನ್ನು ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಅಲ್ಲಿ ಆದದ್ದನ್ನು ಅವರಿಬ್ಬರೂ ಪೂರ್ತಿ ಹೇಳಿಲ್ಲ, ನಾವು ಕೇಳಿಯೂ ಇಲ್ಲ. ಮಸ್ಕಿ ಅಮ್ಮ ನಮ್ಮ ಮನೆಯಿಂದ ಹೋದವರೇ ಜ್ವರ ಬಂದು ಹಾಸಿಗೆ ಹಿಡಿದಿದ್ದರಂತೆ. ಮಾವನವರು ಹೋದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದರಂತೆ. ಇವರು ಮಾತಾಡಿಸಲು ಹೋಗದೆ ಅಡುಗೆಮನೆಗೆ ಹೋಗಿ ಜೋಳದ ಅಂಬಲಿ ಕಾಸಿದರಂತೆ. ಅಂಬಲಿಯಲ್ಲಿ ಉಪ್ಪು ಹೆಚ್ಚಾಗಿತ್ತು. ಬೈಯುವುದಕ್ಕಾದರೂ ಅಕ್ಕ ಈ ಕಡೆ ತಿರುಗಲೇಬೇಕಾಯಿತು. ಅವರು ಪೂರ್ತಿ ಚೇತರಿಸಿಕೊಳ್ಳುವ ತನಕ ತಮ್ಮ ಅಲ್ಲೇ ಉಳಿದರು. ಇತ್ತ ಕೂಸು ನಗಲು ಕಲಿತಿತ್ತು. ಆ ಮೊದಲ ನಗೆ ಅವರಿಗೆ ತಪ್ಪಿತು.

ಒಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಆಟೋ ಇಳಿದರು. ಮಸ್ಕಿ ಅಮ್ಮ ಗೇಟಿನ ಬಳಿ ನಿಂತರು. ಬಳೆ ಮೇಲೆ ಸರಿಸಿದರು, ಮೊಣಕೈ ತನಕ ಸಾಬೂನು ಹಚ್ಚಿ ತಿಕ್ಕಿ ತೊಳೆದರು. ಆಮೇಲೆ ಕೈ ಎರಡನ್ನೂ ಹಿಂದೆ ಮುಂದೆ ತಿರುಗಿಸಿ ನನಗೆ ತೋರಿಸಿದರು, ಪ್ರಾರ್ಥನೆಗೆ ನಿಂತ ಹುಡುಗಿ ಟೀಚರಿಗೆ ಉಗುರು ತೋರಿಸುವ ಹಾಗೆ.

"ನೋಡವ್ವ. ಈಗರ ಒಳಗ ಬರಲೇನು?"

ನಾನು ಅವರ ಕಾಲಿಗೆ ಬಿದ್ದೆ. ಕೂಸನ್ನು ಮೊದಲು ಅವರ ತೊಡೆಯ ಮೇಲೇ ಮಲಗಿಸಿದೆ. ಅವರು ಕುಂಚಿಗೆ ಕಟ್ಟಿ ನೋಡಿದರು. ಅಷ್ಟರಲ್ಲಿ ಕೂಸು ತುಸು ಬೆಳೆದಿತ್ತು, ಕುಂಚಿಗೆ ಬಿಗಿಯಾಯಿತು. ಅದಕ್ಕೂ ತಮ್ಮನನ್ನೇ ಬೈದರು. ಮಾವನವರು ಬೈಸಿಕೊಳ್ಳುತ್ತ, ನಗುತ್ತ, ಕೈ ಒರೆಸಿಕೊಳ್ಳುತ್ತ ತಮ್ಮ ಸರದಿಗೆ ಕಾದರು. ಕೊನೆಗೆ ಕೂಸು ಅವರ ಕೈಗೆ ಬಂತು. ಅವರು ಉಸಿರೇ ಆಡದವರಂತೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಮೂಗು ಅದುರಿತು. ಕೂಸನ್ನು ನನ್ನ ಕೈಗೆ ತುರುಕಿ, ಧೋತರ ಎತ್ತಿ ಹಿಡಿದು ಅಂಗಳಕ್ಕೆ, ಅಲ್ಲಿಂದ ರಸ್ತೆಗೆ ಓಡಿದರು. ಕೋಳಿಗಳು ಗೋಡೆಯಿಂದ ಇಳಿದವು. ಬರೀ ಧೂಳಿನ ಸೀನು, ನೆಗಡಿಯಲ್ಲ. ಆದರೂ ಅವರು ಮತ್ತೊಮ್ಮೆ ಕೈ ಮುಖ ತೊಳೆದು, ಸೀನು ಇನ್ನೊಂದು ಬರುವುದಿಲ್ಲವೆಂದು ಖಾತ್ರಿಯಾದಮೇಲೆಯೇ ಒಳಗೆ ಬಂದರು. ಮಸ್ಕಿ ಅಮ್ಮ ಅವತ್ತು ನಕ್ಕಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಥಂಡಿಗೆ ಮೊದಲೇ ನಾವೆಲ್ಲ ಡಾಕ್ಟರ ಬಳಿ ಹೋಗಿ ಫ್ಲೂ ಸೂಜಿ ಹಾಕಿಸಿಕೊಂಡು ಬರುತ್ತೇವೆ, ಮಸ್ಕಿ ಅಮ್ಮನನ್ನೂ ಕರೆಸಿಕೊಂಡು. ಆದರೂ ನೆಗಡಿ ಬರುವುದು ಬರುತ್ತದೆ, ನೋಡಿ, ನನಗೆ ಬಂದಿದೆ. ಮನೆಗೆ ನಾನು ಮಾಡಬೇಕಾದ ದೊಡ್ಡ ಕೆಲಸ ಇವತ್ತು ಇಲ್ಲಿ ಸುಮ್ಮನೆ ಕೂರುವುದು. ಮೊದಲೆಲ್ಲ ಕೈಕಾಲು ಚಡಪಡಿಸುತ್ತಿದ್ದವು, ಈಗ ಅದೂ ರೂಢಿಯಾಗಿದೆ. ಒಳಗೆ ಅಪ್ಪ ಮಗಳಿಗೆ ಜಡೆ ಹಾಕುವ ಗಲಾಟೆ ಕೇಳುತ್ತಿದೆ, ಒಗ್ಗರಣೆಯ ಸದ್ದು ಕೇಳುತ್ತಿದೆ.

ಇಷ್ಟು ಬರೆಯುವಾಗ ಕಿಟಕಿಯ ಆಚೆ ಕುರ್ಚಿ ಎಳೆದ ಸದ್ದಾಯಿತು. ಮಾವನವರು. ತುಸು ದೂರದಲ್ಲಿ, ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದಾರೆ. ಅಂಗಡಿಗೆ ಹೋಗಲಿಲ್ಲವೇ ಎಂದು ಕೇಳಲು ಬಾಯಿ ತೆರೆದೆ.

"ನೀ ಮಾತಾಡಬ್ಯಾಡ, ಗಂಟಲಾ ನೋಯ್ತೈತಿ," ಎಂದರು ಪೇಪರು ಬಿಡಿಸುತ್ತ. "ಒಬ್ಬಾಕಿನೇ ಕುಂದ್ರೋದು ಭಾಳ ಬ್ಯಾಸರ. ಅದಕ್ಕ ನಾ ಇಲ್ಲೇ ಸುಮ್ಮನ ಕುಂತಿರ್ತೀನಿ."